ಒಡೆದ ಹೂಜಿಗೆ ಇಬ್ಬರು ಸಾಕ್ಷಿ

ನಿಘಂಟು ಕಚೇರಿಯಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಎರಡು ಮಾತಿಗೊಮ್ಮೆ ನಿಂತು ಉಗುಳು ನುಂಗುವವನಿಗೆ ಇನ್ನೇನು ಹೆಸರಿಟ್ಟಾರು? ಅವನ ನೌಕರಿಯೂ ಮೂರು ವರ್ಷದಿಂದ ಹಾಗೇ ನಿಂತಿತ್ತು. ಇವತ್ತು ಸಂಜೆ ಐದರೊಳಗೆ ಕೊನೆಯ ಚೀಟಿ ಪಾಸಾದರೆ ಕೆಲಸ ಕಾಯಂ.

ಚೀಟಿಯ ಪದ ಇಂಗ್ಲಿಷಿನ ‘ಸ್ಮಿದರೀನ್ಸ್’. ಅರ್ಥ: ಚೂರುಚೂರು, ನುಚ್ಚುನೂರು. ಮೂಲ: ಬಹುಶಃ ಐರಿಷ್, ಅಲ್ಲಿ ‘ಸ್ಮಿದರ್’ ಎಂದರೆ ಚೂರು, ಅದಕ್ಕೆ ‘ಈನ್’ ಎಂಬ ಬಾಲ ಹಚ್ಚಿದರೆ ಪುಟಾಣಿ ಚೂರು. ಉಳಿದದ್ದು ಉದಾಹರಣೆ. ಅಲ್ಲೇ ಇತ್ತು ತೊಡಕು. ಕಟ್ಟಿದ ಉದಾಹರಣೆಗೆ ಈ ನಿಘಂಟಿನಲ್ಲಿ ಜಾಗವಿಲ್ಲ. ಸಂಗತಿ ನಿಜವಾಗಿ ನಡೆದಿರಬೇಕು, ಕಣ್ಣಾರೆ ಕಂಡ ಇಬ್ಬರು ಸಹಿ ಹಾಕಬೇಕು ಎಂಬುದು ಸಂಪಾದಕರ ಕಟ್ಟಪ್ಪಣೆ.

ಬೆಳಿಗ್ಗೆ ಅದನ್ನೇ ಯೋಚಿಸುತ್ತಾ ಮೊಣಕೈ ಸರಿಸಿದ. ಫಳಾರ್! ಮೇಜಿನ ಅಂಚಿನಲ್ಲಿದ್ದ ಗಾಜಿನ ಹೂಜಿ ನೆಲದ ಪಾಲಾಗಿತ್ತು. ಹಂಸದ ಕತ್ತಿನ ಆ ಹೂಜಿಯನ್ನು ಸಂಪಾದಕರು ಹನ್ನೆರಡು ವರ್ಷದಿಂದ ಯಾರಿಗೂ ಮುಟ್ಟಗೊಡದೆ ತಾವೇ ತೊಳೆದಿಡುತ್ತಿದ್ದರು.

“ಉದಾಹರಣೆ, ಸಿಕ್ತು, ಅಲ್ವಾ?” ಎಂದ ಅಲ್ಪವಿರಾಮ.

“ಬರೆದ್ರೆ ನಿನ್ನ ಕೆಲಸವೂ ಚೂರುಚೂರೇ!” ಎಂದು ಟೈಪಿಸ್ಟ್ ಅಕ್ಕ ಪೊರಕೆ ಹಿಡಿದಳು. ಚೂರುಗಳು ಕಸದ ಗಾಡಿ ಹತ್ತಿ ಹೋದವು. ಎಲ್ಲವನ್ನೂ ನೋಡುತ್ತಿದ್ದ ಗ್ರಂಥಪಾಲಕರು ಚಪ್ಪಲಿ ಮೆಟ್ಟಿದರು. “ಅಂಥದ್ದೇ ಇನ್ನೊಂದು ತರ್ತೀನಿ. ನೀನು ಸುಮ್ನೆ ಕೂತ್ಕೋ, ಕೈಕಾಲು ಆಡಿಸ್ಬೇಡ.”

ಅಷ್ಟರಲ್ಲಿ ಸಂಪಾದಕರು ಬಾಗಿಲಲ್ಲಿ ಇಣುಕಿ, “ಹೂಜಿಗೆ ಏನೂ ಆಗಿಲ್ಲ ತಾನೆ?” ಎಂದರು. “ಏನೂ ಇಲ್ಲ ಸಾರ್! ಭದ್ರವಾಗಿ ಎತ್ತಿಟ್ಟಿದೀವಿ!” ಎಂದು ಇಬ್ಬರೂ ಒಕ್ಕೊರಲಿನಿಂದ ಆಣೆ ಹಾಕಿದರು. ಸಂಪಾದಕರು ಪೆಚ್ಚುಮೋರೆ ಹಾಕಿಕೊಂಡು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಗ್ರಂಥಪಾಲಕರು ನಾಲ್ಕು ಗಂಟೆಗೆ ಬೆವರು ಸುರಿಸುತ್ತಾ ಬಂದರು. ಅದೇ ಹಂಸ, ಅದೇ ಕತ್ತು. ಅಕ್ಕ ತನ್ನ ಬಿಸ್ಕತ್ತನ್ನು ದಪ್ಪ ನಿಘಂಟಿನಡಿ ಇಟ್ಟು ಗುದ್ದಿ, “ತಗೋ, ಇದನ್ನೇ ಉದಾಹರಣೆ ಅಂತ ಬರಿ” ಎಂದಳು. ಇಬ್ಬರೂ ಸಹಿ ಹಾಕಿದರು. ಇಂಥ ಜನ ಎಲ್ಲಿ ಸಿಗುತ್ತಾರೆ ಎಂದುಕೊಳ್ಳುತ್ತಾ ಅಲ್ಪವಿರಾಮ ಚೀಟಿಯನ್ನು ತನ್ನ ಮೇಜಿನ ಮೇಲೆ ಹೊಸ ಹೂಜಿಯ ಪಕ್ಕ ಇಟ್ಟು ಸಂಪಾದಕರನ್ನು ಕರೆದ.

ಸಂಪಾದಕರು ಚೀಟಿ ಓದಿ ತಲೆಯಾಡಿಸಿದರು. “ಬಿಸ್ಕತ್ತು ಪುಡಿಯಾಗುತ್ತೆ ಕಣ್ರೀ, ಚೂರುಚೂರಾಗಲ್ಲ. ನಡೆಯಲ್ಲ.” ಆಮೇಲೆ ಹೂಜಿಯನ್ನು ನೋಡಿ ನಿಟ್ಟುಸಿರು ಬಿಟ್ಟರು. “ನನ್ನ ಭಾವಮೈದ ಕೊಟ್ಟ ಪೀಡೆ ಇದು, ಹೆಂಡತಿಗೆ ಹೆದರಿ ಇಷ್ಟು ವರ್ಷ ಕಾಪಾಡ್ಕೊಂಡು ಬಂದೆ. ನಾನೇ ಒಡೆದು ಹೆಂಡತಿ ಹತ್ರ ಸುಳ್ಳು ಹೇಳಕ್ಕಾಗಲ್ಲ. ಅದಕ್ಕೇ ಇವತ್ತು ಬೇಕಂತಲೇ ನಿಮ್ಮ ಮೊಣಕೈ ಪಕ್ಕ ಇಟ್ಟಿದ್ದೆ. ಒಡೆದಿದ್ರೆ ಉದಾಹರಣೆಯೂ ಆಗ್ತಿತ್ತು, ನಿಮ್ಮ ಕೆಲಸವೂ ಕಾಯಂ ಆಗ್ತಿತ್ತು.”

“ಒಡೆದೆ ಸಾರ್ ನಾನೇ ಬೆಳಿಗ್ಗೆನೇ ಒಡೆದೆ ಇದು ಬೇರೆ!” ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಒಂದೇ ಉಸಿರಿನಲ್ಲಿ ಮಾತಾಡಿದ.

“ಸಾಕ್ಷಿ?”

“ನಾವು ಸಾರ್!” ಎಂದರು ಇಬ್ಬರೂ.

“ಬೆಳಿಗ್ಗೆ ಏನೂ ಆಗಿಲ್ಲ ಅಂತ ಆಣೆ ಹಾಕಿದವರ ಸಹಿ ಸಂಜೆಗೆ ನಡೆಯಲ್ಲ” ಎಂದ ಸಂಪಾದಕರು ಗಡಿಯಾರ ನೋಡಿದರು. ಐದಕ್ಕೆ ಐದು ನಿಮಿಷ. ಕಿರುಬೆರಳಿನಿಂದ ಹೂಜಿಯನ್ನು ಮೆಲ್ಲಗೆ ಅಲ್ಪವಿರಾಮನ ಮೊಣಕೈಯತ್ತ ತಳ್ಳಿ, ಕಿಟಕಿಯಾಚೆ ನೋಡುತ್ತಾ ನಿಂತರು.

ಅಲ್ಪವಿರಾಮ ದೇವರನ್ನು ನೆನೆದು ಮೊಣಕೈ ಬೀಸಿದ.

ಹೂಜಿ ಬಿತ್ತು. ಎರಡು ಸಲ ಪುಟಿಯಿತು. ಉರುಳುತ್ತಾ ಹೋಗಿ ಗ್ರಂಥಪಾಲಕರ ಕಾಲ ಬಳಿ ನಿಂತಿತು. ಒಂದು ಗೀರೂ ಇಲ್ಲ.

ಗ್ರಂಥಪಾಲಕರ ಎದೆ ಉಬ್ಬಿತು. “ನಿನ್ನ ಮೊಣಕೈ ನನಗೆ ಗೊತ್ತಿಲ್ವೇನಪ್ಪಾ! ಜಪ್ಪಯ್ಯ ಅಂದ್ರೂ ಒಡೆಯದ ಹೂಜಿನೇ ಬೇಕು ಅಂತ ಎಲ್ಲಾ ಅಂಗಡಿ ಸುತ್ತಿ ತಂದೆ.”

ಗಡಿಯಾರ ಐದು ಹೊಡೆಯಿತು. ಅಲ್ಪವಿರಾಮನ ಕಣ್ಣು ತುಂಬಿ ಬಂತು. ಬಿಸಿಲಲ್ಲಿ ತನಗಾಗಿ ಅಲೆದ ಆ ಹಿರಿಯರಿಗೆ ಅವನು ಮನಸಾರೆ ಕೈ ಮುಗಿದ.

“ನಿಮ್ಮ ಉಪಕಾರ, ಸಾರ್, ಈ ಜನ್ಮದಲ್ಲಿ, ಮರೆಯಲ್ಲ.”