ಸೀಟಿಗೊಂದು ಬಿಸ್ಕತ್ತು

"ಎಂಟೇ ಎಂಟು ದಿನ! ಈ ನಾಯಿಗೆ ಶಿಸ್ತು ಕಲಿಸದೆ ಹೋದ್ರೆ ಈ ಮನೆಯಲ್ಲಿ ಮತ್ತೆ ಸೀಟಿ ಊದೋದಿಲ್ಲ!"

ಡ್ರಿಲ್ ಮೇಷ್ಟ್ರು ಹೀಗೆ ಗುಡುಗಿದಾಗ ಅವರ ಕೈಯಲ್ಲಿದ್ದದ್ದು ಒಂದೂವರೆ ಚಪ್ಪಲಿ. ಉಳಿದರ್ಧ ಗುಂಡ ಎಂಬ ಆ ನಾಯಿಯ ಹೊಟ್ಟೆ ಸೇರಿತ್ತು. ಮೇಷ್ಟ್ರ ಕೋಪವೆಂದರೆ ಸಾಮಾನ್ಯವೇ? ಮೈದಾನದಲ್ಲಿ ಅವರು ಸೀಟಿ ಊದಿದರೆ ಮುನ್ನೂರು ಮಕ್ಕಳು ಉಸಿರು ಬಿಗಿಹಿಡಿದು ಸಾಲಾಗುತ್ತಿದ್ದರು. ಮನೆಯಲ್ಲೂ ಅದೇ ದರ್ಬಾರು: ಟೀ ತಡವಾದರೆ ಸೀಟಿ, ಟವೆಲ್ ಸಿಗದಿದ್ದರೆ ಸೀಟಿ! ಇಪ್ಪತ್ತು ವರ್ಷದಿಂದ ಹೆಂಡತಿಯ ಕಿವಿ ತೂತಾಗಿತ್ತು.

"ಮಾತು ಅಂದ್ರೆ ಮಾತು. ಸೋತ್ರೆ ಸೀಟಿ ನನ್ನ ಕೈಗೆ," ಎಂದರು ಆಕೆ.

"ಮುನ್ನೂರು ಮಕ್ಕಳನ್ನ ಪಳಗಿಸಿದೋನು ಕಣೇ ನಾನು! ಇದ್ಯಾವ ಲೆಕ್ಕ?"

"ಆ ಮಕ್ಕಳು ಚಪ್ಪಲಿ ತಿನ್ನಲ್ವಲ್ಲ."

ಪಾಠ ಶುರುವಾಯಿತು. ಗುಂಡ ಚಪ್ಪಲಿ ಕಚ್ಚಿದರೆ ಸೀಟಿ, ಬಿಟ್ಟರೆ ಬಿಸ್ಕತ್ತು. ಮೂರನೇ ದಿನಕ್ಕೆಲ್ಲ, ಸೀಟಿ ಕೇಳಿದ್ದೇ ತಡ, ಗುಂಡ ಚಪ್ಪಲಿಯನ್ನು ಮೇಷ್ಟ್ರ ಪಾದದ ಬಳಿ ಇಟ್ಟು ಬಾಲ ಅಲ್ಲಾಡಿಸಿದ. ಮೇಷ್ಟ್ರು ಮೀಸೆ ತಿರುವಿದರು. ಆದರೆ ನಾಯಿಗೂ ತಲೆ ಇರುತ್ತದಲ್ಲ! ಬಿಟ್ಟರೆ ತಾನೇ ಬಿಸ್ಕತ್ತು? ಬಿಡಬೇಕಾದರೆ ಮೊದಲು ಕಚ್ಚಬೇಕು. ಕಚ್ಚಲು ಚಪ್ಪಲಿ ಬೇಕು. ಮನೆಯ ಚಪ್ಪಲಿಗಳನ್ನೆಲ್ಲ ಮೇಷ್ಟ್ರು ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಜಡಿದರೇನಂತೆ, ಬೀದಿಯಲ್ಲಿ ಮನೆಗಳಿಗೆ ಬರವೇ?

ಎಂಟನೇ ದಿನ ಬೆಳಗ್ಗೆ ಬಾಗಿಲು ತೆರೆದರೆ, ಮೆಟ್ಟಿಲ ತುಂಬ ಚಪ್ಪಲಿ ಅಂಗಡಿ! ಹವಾಯಿ, ಬೂಟು, ಎತ್ತರದ ಹಿಮ್ಮಡಿಯದು, ಎಲ್ಲವೂ ಒಂಟಿ. ಗೇಟಿನಾಚೆ ಬೀದಿಗೆ ಬೀದಿಯೇ ಕೈಯಲ್ಲೊಂದೊಂದು ಚಪ್ಪಲಿ ಹಿಡಿದು ನಿಂತಿತ್ತು. ಹೊಡೆಯಲಿಕ್ಕಲ್ಲ, ಜೋಡಿ ಹುಡುಕಲಿಕ್ಕೆ. ಎಲ್ಲರಿಗಿಂತ ಮುಂದೆ ಎದುರುಮನೆಯ ಹೆಡ್‌ಮೇಡಂ, ಮೇಷ್ಟ್ರ ಶಾಲೆಯವರೇ! ಅವರ ಇನ್ನೊಂದು ಚಪ್ಪಲಿ ಗುಂಡನ ಬಾಯಲ್ಲೇ ಇತ್ತು.

"ಬಿಡೋ ಕಳ್ಳ! ಮಾನ ಕಳೆದ್ಯಲ್ಲೋ!" ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಎದೆ ಒಡೆಯುವಂತೆ ಸೀಟಿ ಊದಿದರು. ಗುಂಡ ತಟ್ಟನೆ ಚಪ್ಪಲಿ ಇಟ್ಟು, ಶಿಸ್ತಾಗಿ ಕೂತು, ಮೇಷ್ಟ್ರ ಜೇಬನ್ನೇ ನೋಡಿದ.

"ಓಹೋ! ಸೀಟಿ ಹೊಡೆದು ತರಿಸ್ತಿರೋದು ನೀವೇನಾ?" ಎಂದರು ಹೆಡ್‌ಮೇಡಂ. "ಒಬ್ಬೊಬ್ಬರಿಗೂ ಅವರವರದ್ದು ಹುಡುಕಿ ಕೊಡಿ ಮೇಷ್ಟ್ರೇ. ಹ್ಞಾಂ, ಎಲ್ಲರೂ ಸಾಲಾಗಿ ನಿಲ್ರಪ್ಪ!"

ಬೀದಿಯವರು ಸಾಲಾದರು. ಮುನ್ನೂರು ಮಕ್ಕಳನ್ನು ಬಗ್ಗಿಸಿದ ಮೇಷ್ಟ್ರು ಅಂದು ಇಪ್ಪತ್ತಮೂರು ಸಲ ತಾವೇ ಬಗ್ಗಿದರು.

ಕೊನೆಗೆ ಕುದಿಯುತ್ತಾ ಒಳಗೆ ನುಗ್ಗಿ, "ಈ ಮನೆಯಲ್ಲಿ ಇದಿರಬೇಕು, ಇಲ್ಲ ನಾನಿರಬೇಕು!" ಎಂದು ಕತ್ತಿನ ಸೀಟಿಗೆ ಕೈ ಹಾಕಿದರೆ, ಸೀಟಿಯೇ ಇಲ್ಲ! ಬಗ್ಗಿ ಬಗ್ಗಿ ಎಲ್ಲೋ ಕಳಚಿ ಬಿದ್ದಿತ್ತು. ಅದೀಗ ಗುಂಡನ ಬಾಯಲ್ಲಿತ್ತು.

"ಬಿಡು ಮರಿ," ಎಂದರು ಹೆಂಡತಿ ಮೆಲ್ಲಗೆ, ಬಿಸ್ಕತ್ತು ಚಾಚಿ. ಗುಂಡ ಸೀಟಿಯನ್ನು ಆಕೆಯ ಅಂಗೈಗೆ ಹಾಕಿದ.

ಮೇಷ್ಟ್ರು ಕಿರುಚಲು ಬಾಯಿ ತೆರೆದರು. ಎಂಟನೇ ದಿನವೆಂಬುದು ನೆನಪಾಯಿತು. ಮುಚ್ಚಿದರು.

ಹೆಂಡತಿ ಡಬ್ಬಿಯಿಂದ ಇನ್ನೊಂದು ಬಿಸ್ಕತ್ತು ತೆಗೆದು ಅವರ ಕೈಗಿಟ್ಟರು. "ನೋಡಿ, ಕಲಿತ್ರೆ ಎಷ್ಟು ಸುಲಭ!"

ಮೇಷ್ಟ್ರು ಕಟಕಟನೆ ಹಲ್ಲು ಕಡಿದರು. ಮಧ್ಯೆ ಬಿಸ್ಕತ್ತಿತ್ತು.