ಪಫ್-ಪಫ್ ಅಂದರೆ ಎರಡು ಪಫ್ ಅಲ್ಲ

ಇಂಗ್ಲಿಷ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳಿಂದ ಗೆಣ್ಣಿಗೆ ಸ್ಕೇಲಿನ ಏಟು ತಿಂದು ಕಲಿತ ಇಂಗ್ಲಿಷ್ ನನ್ನದು. ಹಾಗಾಗಿ ಎದುರು ಫ್ಲ್ಯಾಟಿನ ನೈಜೀರಿಯಾ ಹುಡುಗಿ, "ಊರಿಂದ ಅಮ್ಮ ಬರ್ತಿದ್ದಾರೆ ಆಂಟಿ. ಪಫ್-ಪಫ್ ಅಂದ್ರೆ ಅವರಿಗೆ ಪ್ರಾಣ. ನನಗೆ ಆಫೀಸಲ್ಲಿ ಉಸಿರಾಡೋಕೂ ಟೈಮಿಲ್ಲ" ಅಂದಾಗ, "ಲೀವ್ ಇಟ್ ಟು ಮೀ, ಡಿಯರ್!" ಎಂದುಬಿಟ್ಟೆ.

ಆ ಹುಡುಗಿಯ ಹೆಸರು ಬಿಸಿ. ಹೌದು, ಕಾಫಿಗೆ ಇರಬೇಕಲ್ಲ, ಅದೇ ಬಿಸಿ!

ನನ್ನ ಉತ್ಸಾಹದಲ್ಲಿ ಸ್ವಾರ್ಥವೂ ಇತ್ತು. ದಿನಾ ಜೊತೆಗೆ ವಾಕಿಂಗ್ ಬರುತ್ತಿದ್ದ ಶಾರದಾ ಪರ್ತ್‌ಗೆ ಶಿಫ್ಟ್ ಆದಮೇಲೆ, ಸಿಂಗಾಪುರದ ಈ ಕ್ಲೆಮೆಂಟಿಯಲ್ಲಿ ನಾನು ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗದಲ್ಲಿ, ಅದೇ ವಾಯ್ಡ್ ಡೆಕ್‌ನಲ್ಲಿ, ಒಬ್ಬಳೇ ಶತಪಥ ಹಾಕುತ್ತಿದ್ದೆ. ಮಾತಿಲ್ಲದೆ ನಾಲಿಗೆಗೆ ತುಕ್ಕು ಹಿಡಿದಿತ್ತು. ನಮ್ಮ ಯಜಮಾನರ ವಾಕಿಂಗೋ, ಸೋಫಾದಿಂದ ಫ್ರಿಜ್‌ವರೆಗೆ. ಬಿಸಿಯ ಅಮ್ಮನಿಗೆ ನನ್ನದೇ ವಯಸ್ಸಂತೆ. ಅವರನ್ನು ಗೆಲ್ಲಲೇಬೇಕು!

ಪಫ್-ಪಫ್ ಎಂದರೇನು? ನಾವು ಸಣ್ಣ ಸಣ್ಣ, ದೊಡ್ಡ ದೊಡ್ಡ ಎನ್ನುವುದಿಲ್ಲವೇ? ಹಾಗೆಯೇ, ರಾಶಿ ಪಫ್. ಬೆಂಗಳೂರಿನ ಬೇಕರಿಯಲ್ಲಿ ಪೇಪರ್ ಚೂರಿನಲ್ಲಿಟ್ಟು ಕೊಡುವ ವೆಜ್ ಪಫ್. ಇಡೀ ದಿನ ಓವನ್ ಮುಂದೆ ಬೆಂದು ಒಂದು ಗುಡ್ಡವನ್ನೇ ಮಾಡಿಟ್ಟೆ.

ಸಂಜೆ ಬಿಸಿ ಬಂದು ನೋಡಿದಳು. "ವಾವ್, ಇಲ್ಲಿನ ಕರಿ ಪಫ್ ಥರಾನೇ! ಸೋ ನೈಸ್, ಆಂಟಿ. ಪಫ್-ಪಫ್ ಎಲ್ಲಿ?"

ಆಮೇಲೆ ಫೋನಿನಲ್ಲಿ ಚಿತ್ರ ತೋರಿಸಿದಳು. ಚಿನ್ನದ ಬಣ್ಣದ ದುಂಡು ಉಂಡೆಗಳು! ಮೈದಾ, ಸಕ್ಕರೆ, ಈಸ್ಟ್, ಚೂರು ಜಾಯಿಕಾಯಿ. ಹಿಟ್ಟು ಉಬ್ಬಿದ ಮೇಲೆ ಮುಷ್ಟಿಯಿಂದ ಹಿಂಡಿ ಎಣ್ಣೆಗೆ ಬಿಡುವುದು.

"ಒಂದು ಗಂಟೆ ಉಬ್ಬಿದ್ರೆ ಸಾಕು ಆಂಟಿ. ನಾಳೆ ಬೆಳಗ್ಗೆನೇ ಅಮ್ಮ ಬರೋದು."

ಒಂದು ಗಂಟೆಯಂತೆ! ದೋಸೆ ಹಿಟ್ಟನ್ನು ರಾತ್ರಿಯಿಡೀ ಹುದುಗು ಬರಿಸಿದ ವಂಶ ನಮ್ಮದು. ಅಂದೇ ಕಲಸಿಟ್ಟು ಮಲಗಿದೆ.

ಬೆಳಗ್ಗೆ ಅಡುಗೆಮನೆಯಿಂದ ಯಜಮಾನರು ಕೂಗಿದರು. "ಏನೇ, ನಿನಗಿಂತ ಮೊದಲು ನಿನ್ನ ಹಿಟ್ಟೇ ವಾಕಿಂಗ್ ಹೊರಟಿದೆ!"

ಪಾತ್ರೆಯಿಂದ ಉಕ್ಕಿ, ಕಟ್ಟೆ ಇಳಿದು, ನೆಲದ ಮೇಲೆ ತೆವಳುತ್ತಿತ್ತು. ಪಾತ್ರೆಯಲ್ಲಿ ಉಳಿದದ್ದನ್ನು ರುಚಿ ನೋಡಿದೆ. ಹುಳಿ! ಸಕ್ಕರೆ ಸುರಿದೆ. ನೀರಾಯಿತು. ಮೈದಾ ಸುರಿದೆ. ಕಲ್ಲಾಯಿತು.

"ರೀ, ಸ್ವಲ್ಪ ಹೆಲ್ಪ್ ಮಾಡ್ರೀ!"

"ಏನು ಮಾಡಲಿ? ಸುತ್ತಿಗೆ ತರಲಾ?"

ಹಠದಿಂದ ಹಿಂಡಿ ನಾಲ್ಕಾರು ಕರಿದೆ. ಕೊನೆಯದು ಕೈ ಬಿಡಲೊಲ್ಲದು. ಜೋರಾಗಿ ಕೊಡವಿದೆ. ಉಂಡೆ ಬಾಣಲೆಗೆ ಧುಮುಕಿತು, ಎಣ್ಣೆ ಮುಂಗೈಗೆ ಹಾರಿತು. "ಅಯ್ಯೋ! ಬಿಸಿ! ಬಿಸೀ!" ಎಂದು ಕಿರುಚಿದೆ.

ದಡದಡ ಬಾಗಿಲು ತೆರೆಯಿತು. "ಆಂಟೀ, ಕರೆದ್ರಾ?" ಅನ್ನುತ್ತಾ ಬಿಸಿ ನುಗ್ಗಿದಳು. ಹಿಂದೆಯೇ, ಆಗಷ್ಟೇ ಏರ್‌ಪೋರ್ಟಿನಿಂದ ಬಂದ ಎತ್ತರದ ಹೆಂಗಸು. ತಲೆಗೆ ನೀಲಿ ವಸ್ತ್ರ, ಹೆಗಲಲ್ಲಿ ಇನ್ನೂ ಬ್ಯಾಗು.

ನನ್ನ ತಲೆಯ ತುಂಬ ಮೈದಾ. ಆದರೂ ಬೆನ್ನು ನೆಟ್ಟಗೆ ಮಾಡಿ, "ವೆಲ್ಕಮ್ ಟು ಸಿಂಗಾಪುರ್" ಎಂದು ತಟ್ಟೆ ಚಾಚಿದೆ. ಒಂದು ಉಂಡೆಗೆ ಬಾಲ, ಇನ್ನೊಂದಕ್ಕೆ ಕೊಂಬು.

"ಹಲ್ಲು ಸ್ವಂತದ್ದಾ ಅಂತ ಮೊದಲು ಕೇಳೇ," ಎಂದು ಯಜಮಾನರು ಪಿಸುಗುಟ್ಟಿದರು.

ಆಕೆ ಕಚ್ಚಿದರು. ಅಗಿದರು. ಅಗಿಯುತ್ತಲೇ ಇದ್ದರು. ಕೊನೆಗೆ ಬಹಳ ಮರ್ಯಾದೆಯಿಂದ ಕೇಳಿದರು, "ಇಂಟರೆಸ್ಟಿಂಗ್. ಇದು ನಿಮ್ಮ ಇಂಡಿಯನ್ ಸ್ವೀಟಾ?"

ಬಿಸಿ ಸೀಲಿಂಗ್ ಫ್ಯಾನ್ ನೋಡತೊಡಗಿದಳು.

"ಯೆಸ್," ಎಂದೆ. "ವೆರಿ ಟ್ರೆಡಿಷನಲ್!"

ಆಕೆ ಎದೆ ನೀವಿಕೊಂಡರು. "ಇದನ್ನು ತಿಂದಮೇಲೆ ಸ್ವಲ್ಪ ನಡೆಯಲೇಬೇಕು. ನೀವೂ ಬರ್ತೀರಾ?"

ಈಗ ದಿನಾ ಒಟ್ಟಿಗೆ ನಡೆಯುತ್ತೇವೆ. ಇಂಡಿಯಾದ ಸ್ವೀಟು ಅಂದರೆ ಸಾಕು, ಆಕೆ ಈಗಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ದೇಶಕ್ಕೆ ಅವಮಾನವಾಯಿತು, ನಿಜ. ಆದರೆ ಅಷ್ಟು ಕೋಟಿ ಜನ ಹಂಚಿಕೊಂಡರೆ ನನ್ನ ಪಾಲಿಗೆ ಎಷ್ಟು ಮಹಾ ಬಂದೀತು!