ಗ್ಯಾರೇಜಿನಲ್ಲಿ ಕೈಲಾಸ

ಟೈರು ದುಂಡಗಿರುತ್ತದೆ, ಕಪ್ಪಗಿರುತ್ತದೆ. ಇದಕ್ಕಿಂತ ಹೆಚ್ಚಿಗೆ ಅದರ ಬಗ್ಗೆ ತಿಳಿದುಕೊಳ್ಳುವುದು ಏನಿದೆ ಎಂದುಕೊಂಡೇ ನಾನು ಅರ್ಧ ಆಯುಷ್ಯ ಕಳೆದವನು. ಮೈಸೂರಿನಲ್ಲಿದ್ದಾಗ ಸ್ಕೂಟರ್ ಪಂಕ್ಚರ್ ಆದ ದಿನ ಮಾತ್ರ ಅದಕ್ಕೆ ಟೈರು ಇದೆ ಎಂಬುದು ನೆನಪಾಗುತ್ತಿತ್ತು, ತೇಪೆ ಹಾಕಿಸಿದ ಮೇಲೆ ಮರೆತುಹೋಗುತ್ತಿತ್ತು. ಆದರೆ ಗಂಡಸಾಗಿ ಹುಟ್ಟಿದ ಮೇಲೆ ಕೆಲವು ವಿಷಯಗಳಲ್ಲಿ "ನನಗೆ ಗೊತ್ತಿಲ್ಲ" ಎನ್ನುವ ಹಾಗಿಲ್ಲವಲ್ಲ! ಅಡುಗೆ ಗೊತ್ತಿಲ್ಲ ಎಂದರೆ ನಡೆಯುತ್ತದೆ. ಬಟ್ಟೆ ಮಡಿಸಲು ಬರುವುದಿಲ್ಲ ಎಂದರೆ ಇನ್ನೂ ಒಳ್ಳೆಯದು, ಕೆಲಸ ತಪ್ಪುತ್ತದೆ. ಕಾರಿನ ವಿಷಯದಲ್ಲಿ ಹಾಗೆಂದರೆ ಮಾತ್ರ ಹೆಂಡತಿಯ ತವರಿನವರ ಮುಂದೆ ಮರ್ಯಾದೆ ಉಳಿಯುವುದಿಲ್ಲ. ಆದ್ದರಿಂದ ಕಾರಿನ ಮುಂಭಾಗದ ಮುಚ್ಚಳ, ಎಂದರೆ ಹುಡ್, ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಒಳಗೆಲ್ಲ ನೋಡಿ, "ಹೂಂ" ಎಂದು ಗಂಭೀರವಾಗಿ ತಲೆಯಾಡಿಸುವ ವಿದ್ಯೆಯನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಆಮೇಲೆ ಹುಡ್ ಮುಚ್ಚಿ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತೇನೆ.

ಮೈಸೂರು ಬಿಟ್ಟು ಸಮುದ್ರ ದಾಟಿ ಬಂದು ನಾವೀಗ ಇರುವ ಫೇರ್‌ಫ್ಯಾಕ್ಸ್‌ನಲ್ಲಿ ಹಿಮ ಬೀಳುವುದು ಚಳಿಗಾಲಕ್ಕೆ ಎರಡೋ ಮೂರೋ ಸಲ. ಆದರೆ ಟೀವಿಯವರು "ಎರಡು ಇಂಚು" ಎಂದು ಬಾಯಿಬಿಟ್ಟರೆ ಸಾಕು, ಶಾಲೆಗೆ ರಜೆ, ಆಫೀಸಿಗೆ ರಜೆ, ಅಂಗಡಿಯಲ್ಲಿ ಹಾಲು ಬ್ರೆಡ್ಡು ಖಾಲಿ. ಬ್ರೆಡ್ಡನ್ನು ಮುಟ್ಟದ ನಮ್ಮಂಥ ಅನ್ನ ಸಾರಿನ ಜನ ಕೂಡ ಗಾಬರಿಯಲ್ಲಿ ನಾಲ್ಕು ಪೌಂಡು ಬ್ರೆಡ್ಡು ತಂದಿಟ್ಟು, ವಾರವಿಡೀ ಉಪ್ಪಿಟ್ಟು ತಿಂದು, ಕೊನೆಗೆ ಅದನ್ನು ಅಳಿಲುಗಳಿಗೆ ಹಾಕುತ್ತೇವೆ. ಇಂಥ ಊರಿನಲ್ಲಿ ಹೋದ ವರ್ಷ ನಾನೊಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಂಡುಕೊಂಡೆ. ಅದರೊಳಗೆ ಒಂದು ಗುಂಡಿ ಇದೆ. ಒತ್ತಿದರೆ ನಾಲ್ಕೂ ಚಕ್ರ ದುಡಿಯುತ್ತವೆ, ಒಂದು ಹಸಿರು ದೀಪ ಹತ್ತುತ್ತದೆ. ಆ ದೀಪ ನೋಡುವುದಕ್ಕಾಗಿಯೇ ನಾನು ಬಿಸಿಲಿನಲ್ಲೂ ಗುಂಡಿ ಒತ್ತುತ್ತಿದ್ದೆ.

ಆ ಚಳಿಗಾಲಕ್ಕೆ ನಮ್ಮ ಅತ್ತೆ ಗಿರಿಜಮ್ಮನವರು ಮೈಸೂರಿನಿಂದ ಬಂದಿದ್ದರು. ಅವರು ಪರಮ ಶಿವಭಕ್ತೆ. ಬುದ್ಧಿ ಬಂದಾಗಿನಿಂದ ಶಿವರಾತ್ರಿಯ ದಿನ ಶಿವನ ದರ್ಶನ ತಪ್ಪಿಸಿದವರೇ ಅಲ್ಲ. ನಮಗಿಂತ ದಕ್ಷಿಣಕ್ಕೆ, ಹಿಮ ಅಪರೂಪವಾದ ಷಾರ್ಲೆಟ್‌ನಲ್ಲಿರುವ ಅವರ ಮಗ, ಎಂದರೆ ನನ್ನ ಭಾವಮೈದ ಶ್ರೀಧರ, ಫೋನಿನಲ್ಲಿ "ಭಾವ, ಶಿವರಾತ್ರಿಗೆ ಅಮ್ಮನ್ನ ಇಲ್ಲಿಗೆ ಕಳಿಸಿಬಿಡಿ. ನಿಮ್ ಕಡೆ ಸ್ನೋ ಬಿದ್ರೆ ಟೆಂಪಲ್‌ಗೆ ಹೋಗೋಕಾಗಲ್ಲ" ಎಂದ. ಅವನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಎಲ್ಲದರಲ್ಲೂ ರಿಸ್ಕ್ ಹುಡುಕುವುದೇ ಅವನ ಕಸುಬು. ನನಗೆ ರೇಗಿಹೋಯಿತು. "ಎಷ್ಟಡಿ ಸ್ನೋ ಬೇಕಾದ್ರೂ ಬೀಳಲಿ ಶ್ರೀಧರ, ನಮ್ದು ಫೋರ್ ವೀಲ್ ಡ್ರೈವ್. ಅತ್ತೆಗೆ ಶಿವನ ದರ್ಶನ ಮಾಡಿಸೋದು ನನ್ನ ಜವಾಬ್ದಾರಿ" ಎಂದು ಸ್ಪೀಕರ್ ಫೋನಿನಲ್ಲಿ, ಅತ್ತೆಯ ಎದುರಿಗೇ ಘೋಷಿಸಿದೆ. ಅತ್ತೆ "ಆಯ್ತು ಬಿಡಪ್ಪ, ಅಳಿಯಂದ್ರು ಇಷ್ಟು ಹೇಳ್ತಿದಾರಲ್ಲ" ಎಂದರು. ಹಾಗೆ ಮಾತು ಕೊಟ್ಟಾಯಿತು.

ಅದೇ ಸಂಜೆ ಹೆಂಡತಿ ವಸುಧಾ ಒಂದು ಸೆಂಟ್ ನಾಣ್ಯ ಹಿಡಿದುಕೊಂಡು ಬಂದಳು. ನಾಣ್ಯವನ್ನು ತಲೆಕೆಳಗಾಗಿ ಟೈರಿನ ಗೀರಿಗೆ ತೂರಿಸಬೇಕಂತೆ, ಅದರ ಮೇಲಿರುವ ಮಹಾನುಭಾವರ ತಲೆ ಪೂರ್ತಿ ಕಂಡರೆ ಟೈರು ಸವೆದಿದೆ ಎಂದರ್ಥವಂತೆ. ತೂರಿಸಿ ನೋಡಿದೆವು. ತಲೆಯಿರಲಿ, ಅವರ ತಲೆಯ ಮೇಲೆ ಬರೆದಿರುವ ಅಕ್ಷರ ಕೂಡ ಕಾಣಿಸಿತು. "ರೀ, ನಿಮ್ ತಲೆ ಥರಾನೇ ಬೋಳಾಗಿದೆ ಟೈರು" ಎಂದಳು. ನನಗೆ ನಾಚಿಕೆಯಾಗಬೇಕಿತ್ತು. ಬದಲಿಗೆ, ಟೈರು ಕೊಳ್ಳುವ ನೆಪದಲ್ಲಿ ರಾತ್ರಿ ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಬಹುದು ಎಂದು ಹೊಳೆದು ಖುಷಿಯಾಯಿತು.

ಸಂಶೋಧನೆ ಶುರುವಾಯಿತು. ಉತ್ತರದ ಚಳಿ ರಾಜ್ಯಗಳ ಗಡ್ಡಧಾರಿಗಳು ಹಿಮದಲ್ಲಿ ಟೈರು ಉರುಳಿಸುವ ವಿಡಿಯೋಗಳನ್ನು ಸಾಲಾಗಿ ನೋಡಿದೆ. ಟೈರುಗಳಲ್ಲಿ 'ಆಲ್ ಸೀಸನ್' ಎಂದೊಂದು ಜಾತಿ ಇದೆ. ಸೀಸನ್ ಎಂದರೆ ಋತು, ಆಲ್ ಎಂದರೆ ಎಲ್ಲ. ಆರು ಋತುಗಳಿಗೂ ಆಗಿಬರುತ್ತದೆ ಎಂದು ನಮ್ಮ ಪಂಚಾಂಗ ಓದಿದವರು ಯಾರಾದರೂ ತಿಳಿಯುತ್ತಾರೆ. ಅದು ಸುಳ್ಳಂತೆ. ಅದು ಚಳಿಗಾಲ ಬಿಟ್ಟು ಉಳಿದೆಲ್ಲ ಕಾಲಕ್ಕೆ ಸರಿಯಂತೆ! ಮದುವೆ ಮನೆಯಲ್ಲಿ "ಎಲ್ಲರೂ ಊಟಕ್ಕೆ ಏಳಿ" ಎಂದು ಕರೆದು, ಕೂತ ಮೇಲೆ "ನೀವೊಬ್ಬರು ಬಿಟ್ಟು" ಎಂದ ಹಾಗಾಯಿತು. ಇನ್ನು ಕೆಲವು ಟೈರುಗಳ ಮೇಲೆ 'ಎಂ ಪ್ಲಸ್ ಎಸ್' ಎಂದು ಬರೆದಿರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಮಸಾಲೆ ಮತ್ತು ಸೆಟ್ ದೋಸೆ ಜ್ಞಾಪಕ ಬಂದು, ಹಸಿವಾಗಿ, ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗುತ್ತಿದ್ದೆ. ಅದು ಮಡ್ ಮತ್ತು ಸ್ನೋ, ಎಂದರೆ ಕೆಸರು ಮತ್ತು ಹಿಮ, ಎಂದು ಗೊತ್ತಾಗುವ ಹೊತ್ತಿಗೆ ಜನವರಿ ಮುಗಿದಿತ್ತು.

ಕೊನೆಗೆ ಗಡ್ಡಧಾರಿಗಳೆಲ್ಲ ಒಮ್ಮತದಿಂದ ಹೇಳಿದ್ದು ಇಷ್ಟು: ಹಿಮಕ್ಕೆ ನಿಜವಾಗಿ ಆಗಿಬರುವ ಟೈರಿನ ಮಗ್ಗುಲಲ್ಲಿ ಮೂರು ಶಿಖರದ ಒಂದು ಪರ್ವತ, ಅದರೊಳಗೆ ಒಂದು ಹಿಮದ ಹರಳು, ಇಷ್ಟರ ಚಿತ್ರ ಇರಬೇಕು. ಈ ಗುರುತಿರುವ ನಾಲ್ಕು ಟೈರು ಆರ್ಡರ್ ಮಾಡಿದೆ. ಶಿವರಾತ್ರಿಗೆ ಮೂರು ದಿನ ಇರುವಾಗ ಅವು ಮನೆಗೇ ಬಂದವು. ಮಾರನೆಯ ದಿನ ಅಂಗಡಿಗೆ ಒಯ್ದು ಗಾಡಿಗೆ ಹಾಕಿಸಬೇಕು, ಅಷ್ಟೇ ಬಾಕಿ.

ಅಷ್ಟೇ ಮಾಡಿ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕಲಿತ ವಿದ್ಯೆಯನ್ನು ಪ್ರದರ್ಶಿಸದೆ ಇದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಅತ್ತೆಯನ್ನು ಗ್ಯಾರೇಜಿಗೆ ಕರೆದು, "ನೋಡಿ ಅತ್ತೆ, ಎಲ್ಲಾ ಟೈರಿಗೂ ಈ ಗುರುತು ಇರಲ್ಲ" ಎಂದು ಮಗ್ಗುಲು ತೋರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಏನಿದು, ಬೆಟ್ಟವೇ?"

"ಬೆಟ್ಟ ಅಲ್ಲ ಅತ್ತೆ, ಪರ್ವತ. ಮೂರು ಶಿಖರ. ಒಳಗಿರೋದು ಹಿಮ."

"ಹಿಮದ ಪರ್ವತ..." ಎಂದು ಅತ್ತೆ ಇನ್ನಷ್ಟು ಬಗ್ಗಿದರು. ಆಮೇಲೆ ಚಪ್ಪಲಿಯನ್ನು ಆಚೆ ಬಿಟ್ಟರು. ಎರಡೂ ಕೈ ಜೋಡಿಸಿದರು. "ಕೈಲಾಸ! ಅಯ್ಯೋ ಪರಮೇಶ್ವರ, ಶಿವರಾತ್ರಿ ಹೊತ್ತಿಗೆ ಮನೆ ಬಾಗಿಲಿಗೆ ಬಂದ್ಯಾ!" ನಾನು ನೋಡುತ್ತಿದ್ದ ಹಾಗೆಯೇ ನಾಲ್ಕೂ ಟೈರಿಗೆ ವಿಭೂತಿ ಬಿತ್ತು.

ನನಗೆ ಮೊದಲು ನಗು ಬಂತು. "ಇದನ್ನ ರಸ್ತೆ ಮೇಲೆ ಉರುಳಿಸ್ತೀರಾ?" ಎಂದು ಅತ್ತೆ ಕೇಳಿದಾಗ ಅದು ನಿಂತಿತು. ಗುರುತು ಮಗ್ಗುಲಲ್ಲಿದೆ, ನೆಲಕ್ಕೆ ತಾಗುವುದೇ ಇಲ್ಲ ಎಂದು ವಾದಿಸಿದೆ.

"ತಾಗದೇ ಇರಬಹುದು. ಚಕ್ರ ತಿರುಗಿದ್ರೆ ಕೈಲಾಸ ತಲೆಕೆಳಗಾಗತ್ತೋ ಇಲ್ವೋ?"

"ಆಗತ್ತೆ..."

"ಒಂದು ಮೈಲಿಗೆ ಎಷ್ಟು ಸಲ?"

ಇಲ್ಲಿ ಸುಮ್ಮನಿರಬೇಕಿತ್ತು. ಹೊಟ್ಟೆಪಾಡಿಗೆ ಲೆಕ್ಕ ಮಾಡುವ ತಲೆ, ತಡೆಯಲಿಲ್ಲ. "ಒಂದು ಏಳುನೂರು ಸಲ ಆಗಬಹುದು ಅತ್ತೆ" ಎಂದುಬಿಟ್ಟೆ.

"ಶಿವ ಶಿವಾ! ಆ ಹತ್ತು ತಲೆಯವನು ಒಂದೇ ಸಲ ಕೈಲಾಸ ಅಲ್ಲಾಡಿಸಿದ್ದಕ್ಕೆ ಅದರಡಿ ಸಿಕ್ಕಿಹಾಕ್ಕೊಂಡು ಗೋಳಾಡಿದ. ನಿಮಗಿರೋದು ಒಂದು ತಲೆ ಅಳಿಯಂದ್ರೇ."

"ಅದರಲ್ಲೂ ಕೂದಲಿಲ್ಲ" ಎಂದು ವಸುಧಾ ಒಳಗಿನಿಂದ ಸೇರಿಸಿದಳು.

ಹಿರಿಯರ ಮನಸ್ಸು ನೋಯಿಸುವುದು ಬೇಡ, ಶಿವರಾತ್ರಿ ಮುಗಿದ ಮೇಲೆ ನೋಡೋಣ ಎಂದು ವಸುಧಾ ತೀರ್ಪು ಕೊಟ್ಟಳು. ಹೇಗಿದ್ದರೂ ಟೀವಿಯವರು ಅರ್ಧ ಇಂಚು ಎಂದಿದ್ದರು. ನಾನು ಅಂಗಡಿಯ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ಎಲ್ಲರ ಹಾಗೆ ಹೋಗಿ ನಾಲ್ಕು ಗ್ಯಾಲನ್ ಹಾಲು, ನಾಲ್ಕು ಪೌಂಡು ಬ್ರೆಡ್ಡು ತಂದೆ.

ಶಿವರಾತ್ರಿಯ ಬೆಳಿಗ್ಗೆ ಎದ್ದು ನೋಡಿದರೆ ಊರಿಗೆ ಊರೇ ಬೆಳ್ಳಗೆ. ಆರು ಇಂಚಿಗೆ ಕಮ್ಮಿ ಇರಲಿಲ್ಲ. ಅತ್ತೆ ಆಗಲೇ ಮಿಂದು, ರೇಷ್ಮೆ ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ ತೊಟ್ಟು, ತಲೆಗೆ ಮೊಮ್ಮಗಳ ಉಣ್ಣೆ ಟೋಪಿ ಹಾಕಿ, ಮೈಸೂರಿನಿಂದ ತಂದ ಒಣ ಬಿಲ್ವಪತ್ರೆಯ ಪೊಟ್ಟಣ ಹಿಡಿದು, ಉಪವಾಸದಲ್ಲಿ ಕೂತಿದ್ದರು. "ಹೊರಡೋಣ್ವಾ ಅಳಿಯಂದ್ರೇ?" ಎಂದು ಅಷ್ಟು ನಂಬಿಕೆಯಿಂದ ಕೇಳಿದರೆ ಯಾರಿಗೆ ತಾನೇ ಇಲ್ಲ ಎನ್ನಲು ಬಾಯಿ ಬರುತ್ತದೆ? ವಸುಧಾ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಆ ಟೈರು ಹಾಕಿದ್ರೆ ಕೈಲಾಸ ತಿರುಗತ್ತೆ ಅಂತ ಭಯ. ಈ ಟೈರಲ್ಲಿ ಹೋದ್ರೆ ನಾವೇ ಸೀದಾ ಕೈಲಾಸ ಸೇರ್ತೀವಿ" ಎಂದಳು. ಆದರೂ ಕಾರು ಹತ್ತಿದಳು. ಗಂಡನ ಮೇಲಿನ ಪ್ರೀತಿಯಿಂದಲ್ಲ, ಅಮ್ಮನನ್ನು ಒಬ್ಬರನ್ನೇ ಬಿಡಲಾರದೆ.

ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಗಾಡಿ ಹಿಂದಕ್ಕೆ ಗಂಭೀರವಾಗಿ ಹೊರಟಾಗ ನನ್ನ ಎದೆ ಉಬ್ಬಿತು. ನಮ್ಮ ಡ್ರೈವ್‌ವೇ ರಸ್ತೆಯ ಕಡೆಗೆ ಇಳಿಜಾರು. ಕೆಳಗೆ ಬಂದು ಬ್ರೇಕ್ ಒತ್ತಿದೆ. ಗಾಡಿ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕು ಚಕ್ರ ದುಡಿಯುವುದು ಹೊರಡುವುದಕ್ಕೆ ಮಾತ್ರ, ನಿಲ್ಲುವುದಕ್ಕೆ ಬೇಕಾದದ್ದು ಟೈರಿನ ಹಿಡಿತ ಎಂಬ ಸತ್ಯ, ಗಡ್ಡಧಾರಿಗಳು ಸಾವಿರ ಸಲ ಹೇಳಿದ್ದು, ಆಗ ಅರ್ಥವಾಯಿತು. ಗಾಡಿ ಯಾವ ಆತುರವೂ ಇಲ್ಲದೆ, ಸ್ವಲ್ಪ ಓರೆಯಾಗಿ, ಉತ್ಸವಮೂರ್ತಿ ಬಂದ ಹಾಗೆ ಬಂದು ರಸ್ತೆ ದಾಟಿ, ಎದುರುಮನೆಯ ವಾಲ್ಟರ್ ಅಂಕಲ್ ಬೆಳಿಗ್ಗೆಯಿಂದ ಕಷ್ಟಪಟ್ಟು ಗುಡ್ಡೆ ಹಾಕಿದ್ದ ಹಿಮದೊಳಗೆ ಮೆತ್ತಗೆ ಕೂತಿತು.

ಹಿಂದಿನ ಸೀಟಿನಲ್ಲಿದ್ದ ಮಗಳು ತನ್ವಿ ಕೇಳಿದಳು: "ಅಪ್ಪಾ, ಫೋರ್ ವೀಲ್ ಡ್ರೈವ್ ಮೀನ್ಸ್ ಆಲ್ ಫೋರ್ ವೀಲ್ಸ್ ಸ್ಲೈಡ್ ಆಗತ್ತೆ?"

ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದ ಅತ್ತೆ, ಕಣ್ಣು ತೆರೆಯದೆಯೇ, "ದೇವಸ್ಥಾನ ಬಂತೇ? ಬೇಗ ಬಂತಲ್ಲ" ಎಂದರು.

"ಇಲ್ಲ ಅತ್ತೆ. ಎದುರುಮನೆ ಬಂತು."

ವಾಲ್ಟರ್ ಅಂಕಲ್ ಸಲಿಕೆ ಊರಿಕೊಂಡು ನಿಂತು, ತಮ್ಮ ಮನೆಗೆ ಬರಬೇಕಿದ್ದರೆ ಡೋರ್‌ಬೆಲ್ ಇತ್ತಲ್ಲ ಎಂದರು. ಯಾರಿಗೂ ಏನೂ ಆಗಿರಲಿಲ್ಲ. ಅವರೂ ವಸುಧಾಳೂ ತಳ್ಳಿ, ನಾನು ಹಸಿರು ದೀಪ ಹೊತ್ತಿಸಿಕೊಂಡು, ಹೇಗೋ ಗಾಡಿಯನ್ನು ಮತ್ತೆ ನಮ್ಮ ಡ್ರೈವ್‌ವೇಗೆ, ಗ್ಯಾರೇಜಿನ ಕಡೆ ಮುಖ ಮಾಡಿ ಹತ್ತಿಸಿದೆವು. ಅತ್ತೆ ಒಳಗೆ ಬಂದು, ಬಿಲ್ವಪತ್ರೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಸೋಫಾದ ತುದಿಯಲ್ಲಿ ಕೂತರು. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಷಾರ್ಲೆಟ್‌ಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ದರ್ಶನ ಆಗಿರುತ್ತಿತ್ತು, ನನ್ನ ಜಂಬದಿಂದ ಅವರ ವ್ರತ ಕೆಟ್ಟಿತು ಎಂದು ನನಗೆ ನಿಜವಾಗಿಯೂ ಅಳು ಬರುವ ಹಾಗಾಯಿತು.

ತನ್ವಿಯೇ ಕೇಳಿದ್ದು. "ಅಜ್ಜಿ, ಬಟ್ ಶಿವ ಗ್ಯಾರೇಜಲ್ಲಿ ಇದೆಯಲ್ಲ?"

ಅತ್ತೆ ಮೊಮ್ಮಗಳ ಮುಖ ನೋಡಿದರು. ಮರುಕ್ಷಣ ಸೆರಗು ಸಿಕ್ಕಿಸಿ ಎದ್ದರು. "ಇದೆ ಅಲ್ಲಮ್ಮ, ಇದ್ದಾನೆ ಅನ್ನು" ಎಂದು ಕನ್ನಡ ತಿದ್ದುತ್ತಲೇ ಗ್ಯಾರೇಜಿಗೆ ನಡೆದರು.

ಚಪ್ಪಲಿ ಸ್ಟ್ಯಾಂಡು ಆಚೆ ಹೋಯಿತು. ಸಿಮೆಂಟು ನೆಲದ ಮೇಲೆ ರಂಗೋಲಿ ಬಿತ್ತು, ಮಣೆ ಬಂತು, ಮಣೆಯ ಮೇಲೆ ಟೈರು ನಿಂತಿತು, ಕೈಲಾಸ ಮೇಲುಗಡೆ ಬರುವ ಹಾಗೆ ತಿರುಗಿಸಿ. ನನ್ನ ಕೆಲಸ ಅದು ಉರುಳದ ಹಾಗೆ ಹಿಂದಿನಿಂದ ಹಿಡಿದುಕೊಳ್ಳುವುದು. ರುದ್ರ ಹೇಳುತ್ತ ಅತ್ತೆ ಹಾಲಿನ ಅಭಿಷೇಕ ಶುರುಮಾಡಿದರು. ಹಾಲಿಗೇನು ಬರ? ನಾಲ್ಕು ಗ್ಯಾಲನ್ ಇತ್ತು. ಸುರಿದ ಹಾಲೆಲ್ಲ ಟೈರಿನ ಒಳಗಿನ ಪೊಳ್ಳಿನಲ್ಲಿ ಒಂದು ತೊಟ್ಟೂ ಚೆಲ್ಲದೆ ಶೇಖರವಾಯಿತು. ಅತ್ತೆಗೆ ಇದು ಮಹಾ ಪವಾಡವಾಗಿ ಕಂಡಿತು. ಅಲ್ಲಿಂದಲೇ ಉದ್ಧರಣೆಯಲ್ಲಿ ಎತ್ತಿ ನಮಗೆಲ್ಲ ತೀರ್ಥ ಕೊಟ್ಟರು. ಹೊಸ ರಬ್ಬರಿನ ಪರಿಮಳವಿರುವ ಹಾಲನ್ನು ನೀವು ಕುಡಿದಿದ್ದೀರೋ ಇಲ್ಲವೋ ಗೊತ್ತಿಲ್ಲ. ನಾನು ಎರಡು ಸಲ ತೆಗೆದುಕೊಂಡೆ. ಕೊಟ್ಟ ಮಾತು ಉಳಿಯುವುದಾದರೆ ಟೈರನ್ನೇ ಅಗಿಯಲೂ ನಾನು ತಯಾರಿದ್ದೆ.

ಸಂಜೆ ಶ್ರೀಧರ ಫೋನ್ ಮಾಡಿದ. ಷಾರ್ಲೆಟ್‌ನಲ್ಲಿ ಒಳ್ಳೆಯ ಬಿಸಿಲು, ದೇವಸ್ಥಾನದಲ್ಲಿ ಉದ್ದನೆಯ ಕ್ಯೂ, ಅಮ್ಮ ಇರಬೇಕಿತ್ತು ಎಂದ. ಅತ್ತೆ ಫೋನ್ ಕಿತ್ತುಕೊಂಡರು. "ಇಲ್ಲಿ ಕ್ಯೂನೇ ಇರ್ಲಿಲ್ಲ ಕಣೋ. ಅಳಿಯಂದ್ರು ಕೈಲಾಸನೇ ಮನೆಗೆ ತರಿಸಿಬಿಟ್ಟಿದ್ರು. ಅದೂ ಫ್ರೀ ಶಿಪ್ಪಿಂಗು!" ಆ ಕಡೆ ಶ್ರೀಧರ "ಏನಮ್ಮ, ಫ್ರೀ ಶಿಪ್ಪಿಂಗಾ?" ಎಂದು ಕೇಳುತ್ತಲೇ ಇದ್ದ. ಈ ಕಡೆ ನನ್ನ ಸಂತೋಷಕ್ಕೆ ಮೇರೆಯಿರಲಿಲ್ಲ.

ಮಾರನೆಯ ದಿನ, ಶಿವರಾತ್ರಿ ಮುಗಿಯಿತಲ್ಲ ಎಂದು ಮೆಲ್ಲಗೆ ಅಂಗಡಿಯ ಮಾತೆತ್ತಿದೆ. ರುದ್ರಾಭಿಷೇಕ ಆದ ಮೇಲೆ ಅದನ್ನು ಗಾಡಿಗೆ ಹಾಕುವುದೇ ಎಂದು ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಹಾಗಾದರೆ ಗಾಡಿಯನ್ನಾದರೂ ಒಳಗೆ ನಿಲ್ಲಿಸುತ್ತೇನೆ, ಹೊರಗೆ ಹಿಮ ಎಂದೆ. "ನಂದಿ ಯಾವತ್ತಾದ್ರೂ ಗರ್ಭಗುಡಿ ಒಳಗೆ ಕೂರತ್ತಾ? ಎದುರಿಗೇ ಮುಖ ಮಾಡ್ಕೊಂಡು ಎಷ್ಟು ಲಕ್ಷಣವಾಗಿ ಕೂತಿದೆ ನೋಡಿ" ಎಂದರು. ಅತ್ತೆ ಮೈಸೂರಿಗೆ ಹಿಂದಿರುಗಿದ್ದಾರೆ. ನಂದಿ ಈಗಲೂ ಅಲ್ಲೇ, ಬೋಳು ಟೈರುಗಳ ಮೇಲೆ, ಹೊರಗೇ ಕೂತಿದೆ. ಸೋಮವಾರ ಸೋಮವಾರ ನಾನು ಗ್ಯಾರೇಜಿಗೆ ಹೋಗಿ ದೀಪ ಹಚ್ಚಿ, ಅದರ ಫೋಟೋ ಅತ್ತೆಗೆ ಕಳಿಸುತ್ತೇನೆ.

ಇದರಿಂದ ನನಗೊಂದು ಲಾಭವಾಗಿದೆ. ನಮ್ಮ ಕನ್ನಡದವರ ನಡುವೆ ನಾನೀಗ ಟೈರು ಪಂಡಿತ. ಚಳಿಗಾಲ ಬರುತ್ತಿದ್ದ ಹಾಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, ಹಿಮಕ್ಕೆ ಯಾವ ಟೈರು ತೆಗೆದುಕೊಳ್ಳೋಣ ಎಂದು ಕೇಳುತ್ತಾರೆ. ನಾನು ಸೊಂಟದ ಮೇಲೆ ಕೈಯಿಟ್ಟು, "ಹೂಂ" ಎಂದು ಗಂಭೀರವಾಗಿ ತಲೆಯಾಡಿಸಿ, ನನ್ನ ಟೈರಿನ ಹೆಸರನ್ನೇ ಹೇಳುತ್ತೇನೆ. ಹಿಡಿತ ಹೇಗಿದೆ ಎಂದು ಕೇಳಿದರೆ ಎದೆ ತಟ್ಟಿ ನಿಜವನ್ನೇ ನುಡಿಯುತ್ತೇನೆ: "ತಂದಾಗಿನಿಂದ ಇವತ್ತಿನವರೆಗೆ ಒಂದೇ ಒಂದು ಇಂಚು ಜಾರಿಲ್ಲ ಸ್ವಾಮಿ!"